ಸಂಬಳ ಏರಿಸಿದರೂ ಹುಡುಗರು ಯಾಕೆ ನಿಲ್ಲುತ್ತಿಲ್ಲ?

ಪ್ರಶ್ನೆ: ಶಿವಮೊಗ್ಗದಲ್ಲಿ ನಮ್ಮದು ಹಾರ್ಡ್‌ವೇರ್ ಅಂಗಡಿ, ಅಪ್ಪನ ಕಾಲದ್ದು. ಏಳು ಜನ ಕೆಲಸಕ್ಕಿದ್ದಾರೆ. ಹಿಂದೆ ಸೇರಿದವರು ಇಪ್ಪತ್ತು ವರ್ಷ ಇರುತ್ತಿದ್ದರು. ಈಗ ಎರಡು ವರ್ಷದಲ್ಲಿ ಎರಡು ಸಲ ಸಂಬಳ ಏರಿಸಿದ್ದೇನೆ, ಹಬ್ಬಕ್ಕೆ ಬಟ್ಟೆ, ಬೋನಸ್ ಎಲ್ಲ ಇದೆ. ಆದರೂ ವರ್ಷ ತುಂಬುವುದರೊಳಗೆ ಬಿಟ್ಟು ಹೋಗುತ್ತಾರೆ. ಇವರಿಗೆ ಬೇಕಾದ್ದಾದರೂ ಏನು?

ಉತ್ತರ: ಈ ಪ್ರಶ್ನೆ ತಿಂಗಳಿಗೊಮ್ಮೆಯಾದರೂ ಯಾರಾದರೊಬ್ಬರಿಂದ ಬರುತ್ತದೆ. ಎಲ್ಲರೂ ಸಂಬಳದ ಲೆಕ್ಕ ಬರೆಯುತ್ತಾರೆ. ಅಂಗಡಿ ರಾತ್ರಿ ಎಷ್ಟು ಹೊತ್ತಿಗೆ ಬಾಗಿಲು ಹಾಕುತ್ತದೆ ಅನ್ನುವುದನ್ನು ಮಾತ್ರ ಯಾರೂ ಬರೆಯುವುದಿಲ್ಲ, ನೀವೂ ಬರೆದಿಲ್ಲ. ನನಗೆ ಅನುಮಾನ ಇರುವುದು ಅಲ್ಲೇ.

ಎಂಟೂವರೆ ಅಂತಿಟ್ಟುಕೊಳ್ಳೋಣ. ಷಟರ್ ಅರ್ಧ ಎಳೆದಿರುವಾಗ ಪ್ಲಂಬರ್ ಒಬ್ಬ "ಎರಡೇ ಎಲ್ಬೋ ಅಣ್ಣ" ಅಂತ ನುಗ್ಗುತ್ತಾನೆ, ಅವನ ಹಿಂದೆ ಇನ್ನೊಬ್ಬ. ಬೀಗ ಬೀಳುವಾಗ ಒಂಬತ್ತು. ವಿನೋಬನಗರದಲ್ಲಿ ಮನೆ ಇರುವವರಿಗೆ ಅರ್ಧ ಗಂಟೆ ಹೆಚ್ಚಾದರೆ ಊಟ ಆರಿರುತ್ತದೆ, ಅಷ್ಟೇ. ಕುಂಸಿಯಿಂದಲೋ ಮಂಡಗದ್ದೆಯಿಂದಲೋ ಬರುವ ಹುಡುಗನಿಗೆ ಅಷ್ಟರಲ್ಲಿ ಬಸ್ಸು ಹೋಗಿರುತ್ತದೆ. ಆಮೇಲೆ ಬೈಕು, ಆಷಾಢದ ಮಳೆ, ಕತ್ತಲಲ್ಲಿ ಕಾಣದ ಗುಂಡಿ, ಮನೆಯಲ್ಲಿ ನಿದ್ದೆಗೆಟ್ಟು ಕೂತ ಅಮ್ಮ. ನೀವು ಏರಿಸಿದ ಸಂಬಳದಿಂದ ಇದು ತೀರುವುದಿಲ್ಲ.

ನನಗೂ ಇದು ತಲೆಗೆ ಹೋಗಿದ್ದು ಕೆಟ್ಟ ಮೇಲೇ. ನಾನು ಅಂಗಡಿಗಳ ಲೆಕ್ಕ ಬರೆಯುವವನು. ಚಿಕ್ಕ ಆಫೀಸು, ಮೂರು ಜನ. ಜಿಎಸ್‌ಟಿ ರಿಟರ್ನ್ ಹಾಕುವ 11 ಮತ್ತು 20ನೇ ತಾರೀಖು ಹತ್ತಿರ ಬಂದರೆ ನಮ್ಮಲ್ಲಿ ರಾತ್ರಿಯಾಗುವುದು ಮಾಮೂಲು. ನಾಲ್ಕು ವರ್ಷ ಚೆನ್ನಾಗಿ ಕೆಲಸ ಮಾಡಿದ ಹುಡುಗಿಯೊಬ್ಬಳು ಐನೂರು ರೂಪಾಯಿ ಕಡಿಮೆ ಸಂಬಳಕ್ಕೆ ಬೇರೆ ಕಡೆ ಸೇರಿದಳು. ಯಾಕಮ್ಮ ಅಂದೆ. "ಅಲ್ಲಿ ಐದೂವರೆಗೆ ಬಿಡ್ತಾರೆ ಸಾರ್. ಬಿಡ್ತಾರೆ ಅಂದ್ರೆ ಬಿಡ್ತಾರೆ" ಅಂದಳು. ತಡವಾದ ದಿನವೆಲ್ಲ ಅವಳಿಗೆ ಆಟೋ ದುಡ್ಡು ಕೊಟ್ಟಿದ್ದೆ. ಅದನ್ನು ಎತ್ತಿ ಆಡಬೇಕು ಅನ್ನಿಸಿತು, ಸದ್ಯ, ಬಾಯಿಗೆ ಬರಲಿಲ್ಲ. 11, 20 ಪ್ರತಿ ತಿಂಗಳೂ ಬರುವ ತಾರೀಖುಗಳು. ಅವು ಇವತ್ತೇ ಆಕಾಶದಿಂದ ಬಿದ್ದವು ಅನ್ನುವ ಹಾಗೆ ಸಂಜೆ ಆರಕ್ಕೆ "ಇವತ್ತು ಸ್ವಲ್ಪ ಇರಬೇಕಾಗತ್ತೆ" ಅನ್ನುತ್ತಿದ್ದವನು ನಾನು.

ಹಿಂದಿನವರು ಇಪ್ಪತ್ತು ವರ್ಷ ಇದ್ದರು ಅಂತೀರಿ. ನಿಮ್ಮ ತಂದೆಯವರು ಅವರಿಗೆ ಕೊಟ್ಟದ್ದು ಸಂಬಳ ಮಾತ್ರವೇ? ತಂಗಿ ಮದುವೆಗೆ ಸಾಲ, ಅಡಿಕೆ ಕೊನೆ ಕೊಯ್ಲಿಗೆ ಹದಿನೈದು ದಿನ ರಜೆ, ಭೂಮಿ ಹುಣ್ಣಿಮೆಗೆ ಕೇಳುವ ಮೊದಲೇ ರಜೆ, ಮಗನ ಕಾಲೇಜು ಸೀಟಿಗೆ ಒಂದು ಮಾತು. ಬದಲಿಗೆ ಅವರು ಹೊತ್ತುಗೊತ್ತು ನೋಡದೆ ದುಡಿದರು. ಯಾವುದೂ ಕಾಗದದಲ್ಲಿರಲಿಲ್ಲ, ನಡೆಯಿತು. (ನಡೆಯದೆ ನೊಂದವರೂ ಇದ್ದರು, ಅವರು ಬಾಯಿ ಬಿಡುತ್ತಿರಲಿಲ್ಲ.) ಈಗ ಬೆರಳೊತ್ತುವ ಮೆಷೀನು ತಂದಿದ್ದೇವೆ, ಹತ್ತು ನಿಮಿಷ ತಡವಾದರೆ ಅರ್ಧ ದಿನ ಕತ್ತರಿಸುತ್ತೇವೆ, ಮದುವೆ ಸಾಲ ಬ್ಯಾಂಕಿನವರ ಕೆಲಸ ಅಂದಿದ್ದೇವೆ. ಸರಿಯೇ. ಆದರೆ ಬರುವ ಹೊತ್ತಿಗೆ ಗಡಿಯಾರ, ಹೋಗುವ ಹೊತ್ತಿಗೆ ಬಾಂಧವ್ಯ ಅಂದರೆ ಹುಡುಗರು ನಗುತ್ತಾರೆ.

ಗಡಿಯಾರದ ಕೆಲಸ ಈ ಜಿಲ್ಲೆಗೆ ಹೊಸದೂ ಅಲ್ಲ. ಭದ್ರಾವತಿಯಲ್ಲಿ 1923ರಲ್ಲಿ ಕಬ್ಬಿಣದ ಕಾರ್ಖಾನೆ ಶುರುವಾದ ಮೇಲೆ ಒಂದಿಡೀ ಊರು ಪಾಳಿ ಲೆಕ್ಕದಲ್ಲಿ ಬದುಕಿತು. ಕ್ವಾರ್ಟರ್ಸು, ಆಸ್ಪತ್ರೆ, ಪಾಳಿ ಮುಗಿದರೆ ಮನೆ. ಆ ಊರಿನ ಮಕ್ಕಳೇ ಮುಂದಿನದನ್ನೂ ನೋಡಿದರು. ಅಲ್ಲಿನ ಕಾಗದ ಕಾರ್ಖಾನೆಯಲ್ಲಿ 2015ರ ಹೊತ್ತಿಗೆ ಉತ್ಪಾದನೆ ನಿಂತಿತು. 2023ರ ಜನವರಿಯಲ್ಲಿ ಕಬ್ಬಿಣದ ಕಾರ್ಖಾನೆಯನ್ನೂ ಮುಚ್ಚುವ ನಿರ್ಧಾರ ಹೊರಬಿದ್ದು ಗುತ್ತಿಗೆ ಕಾರ್ಮಿಕರು ಧರಣಿ ಕೂತರು. ಅಪ್ಪನ ನಿಷ್ಠೆಗೆ ಏನು ಸಿಕ್ಕಿತು ಅಂತ ಕಂಡವನು ಇಪ್ಪತ್ತು ವರ್ಷದ ಮಾತಾಡುವುದಿಲ್ಲ, ಈ ತಿಂಗಳ ಮಾತಾಡುತ್ತಾನೆ. ಅದರ ಮೇಲೆ ಕೋವಿಡ್. 2020ರಲ್ಲಿ ಬೆಂಗಳೂರಿನಿಂದ ಬಂದ ಅಣ್ಣ ಅಡಿಕೆ ಅಂಗಳದ ಪಕ್ಕ ಲ್ಯಾಪ್‌ಟಾಪ್ ಇಟ್ಟು, ನೆಟ್‌ವರ್ಕಿಗೆ ಗುಡ್ಡ ಹತ್ತಿ ಕೆಲಸ ಮಾಡಿದ್ದನ್ನು ತಮ್ಮ ನೋಡಿದ್ದಾನೆ. ಹಾರ್ಡ್‌ವೇರ್ ಅಂಗಡಿಯನ್ನು ಮನೆಯಿಂದ ನಡೆಸಲಾಗದು, ಅವನಿಗೂ ಗೊತ್ತು. ಆದರೂ ಸಂಜೆ ಅನ್ನುವುದೊಂದು ತನಗೂ ಇರಬಹುದಿತ್ತು ಅನ್ನಿಸಿದೆ.

ಇನ್ನೊಂದು, ಕೇಳಲು ಚಿಕ್ಕದು. ನಿಮ್ಮ ತಂದೆಯವರು ಕೆಲಸದವರನ್ನು "ಬಾರೋ, ಹೋಗೋ" ಅನ್ನುತ್ತಿದ್ದಿರಬೇಕು. ಮಧ್ಯಾಹ್ನ ಅವರ ಮನೆಯಲ್ಲೇ ಉಣ್ಣುತ್ತಿದ್ದವನಿಗೆ ಆ ಏಕವಚನ ಸಲ್ಲುತ್ತಿತ್ತು. ಊಟ ನಿಂತಿತು, ಏಕವಚನ ಉಳಿಯಿತು. ಗಿರಾಕಿಗಳ ಎದುರು "ಏಯ್, ಎಲ್ಲಿ ಸತ್ಯೋ" ಅಂದರೆ ಡಿಪ್ಲೊಮಾ ಓದಿದ ಹುಡುಗ ಅದನ್ನು ಸಲಿಗೆ ಅಂದುಕೊಳ್ಳುವುದಿಲ್ಲ. ಹೆಣ್ಣುಮಕ್ಕಳಿದ್ದರೆ ಶೌಚಾಲಯ, ನಿಂತು ನಿಂತು ಸುಸ್ತಾದಾಗ ಕೂರಲು ಒಂದು ಸ್ಟೂಲು. ಕೇರಳ 2018ರಲ್ಲಿ, ತಮಿಳುನಾಡು 2021ರಲ್ಲಿ ಅಂಗಡಿ ಕೆಲಸದವರು ಕೂರುವುದಕ್ಕೇ ಕಾನೂನು ತಿದ್ದಬೇಕಾಯಿತು ಅಂದರೆ ನೋಡಿ.

ನೀವು ಕಾನೂನು ಕೇಳಿಲ್ಲ. ಆದರೆ ಹುಡುಗರು ಮೊಬೈಲಿನಲ್ಲಿ ಓದಿಕೊಂಡೇ ಬರುತ್ತಾರೆ. ಅಂಗಡಿ ಮತ್ತು ವಾಣಿಜ್ಯ ಸಂಸ್ಥೆಗಳ ಬಗ್ಗೆ ಕರ್ನಾಟಕದ 1961ರ ಕಾಯ್ದೆ ಹೇಳುವುದು ಇಷ್ಟು: ದಿನಕ್ಕೆ 9 ಗಂಟೆ, ವಾರಕ್ಕೆ 48 ಮೀರುವಂತಿಲ್ಲ, ಐದು ಗಂಟೆ ದುಡಿಸಿದರೆ ಒಂದು ಗಂಟೆ ಬಿಡುವು, ವಾರಕ್ಕೊಂದು ರಜೆ, ಹೆಚ್ಚಿನ ಹೊತ್ತಿಗೆ ಎರಡು ಪಟ್ಟು ಕೂಲಿ. ನೇಮಕಾತಿ ಪತ್ರವೂ ಅದರಲ್ಲಿದೆ, 2025ರ ನವೆಂಬರ್ 21ರಂದು ಜಾರಿಗೆ ಬಂದ ಕೇಂದ್ರದ ಕಾರ್ಮಿಕ ಸಂಹಿತೆಗಳಲ್ಲೂ ಇದೆ. ಬೆಳಿಗ್ಗೆ ಒಂಬತ್ತಕ್ಕೆ ಬಂದು ರಾತ್ರಿ ಒಂಬತ್ತಕ್ಕೆ ಹೋಗುವವನ ಲೆಕ್ಕ ನೀವೇ ಹಾಕಿ.

ನಾನಾಗಿದ್ದರೆ ಏಳು ಜನರನ್ನು ಎರಡು ಪಾಳಿ ಮಾಡುತ್ತಿದ್ದೆ. ನಾಲ್ವರು ಎಂಟೂವರೆಗೆ ಬಂದು ಬಾಗಿಲು ತೆಗೆದು ಐದೂವರೆಗೆ ಹೊರಡಲಿ, ಮೂವರು ಹನ್ನೊಂದೂವರೆಗೆ ಬಂದು ರಾತ್ರಿ ಬೀಗ ಹಾಕಲಿ. ದೂರದ ಊರಿನವರು ಮೊದಲ ಪಾಳಿಗೆ. ಸ್ಟಾಕ್ ಎಣಿಸುವ ದಿನಗಳನ್ನು ತಿಂಗಳು ಮುಂಚೆ ಕ್ಯಾಲೆಂಡರಿನಲ್ಲಿ ಗುರುತು ಮಾಡಿ. ಕೊನೆ ಕೊಯ್ಲಿಗೆ ಯಾರಿಗೆ ಯಾವಾಗ ರಜೆ ಬೇಕು ಅಂತ ಸೆಪ್ಟೆಂಬರಿನಲ್ಲೇ ಕೇಳಿ, ಬರೆದುಕೊಳ್ಳಿ. ನನ್ನ ಆಫೀಸಿನಲ್ಲಿ 20ಕ್ಕೆ ರಾತ್ರಿಯಾದರೆ 21ಕ್ಕೆ ಮಧ್ಯಾಹ್ನ ಬಂದರೆ ಸಾಕು ಅಂತ ಗೋಡೆಗೆ ಅಂಟಿಸಿದ್ದೇನೆ. ಎರಡು ವರ್ಷದಿಂದ ಯಾರೂ ಬಿಟ್ಟಿಲ್ಲ. ಇದರಿಂದಲೇ ಅಂತ ಆಣೆ ಮಾಡಲಾರೆ.

ಏಳು ಜನ ಅಂದಿರಿ. ಹತ್ತಾದರೆ ಇಎಸ್‌ಐ, ಅಂದರೆ ಕೆಲಸದವರ ಆರೋಗ್ಯ ವಿಮೆ ಬರುತ್ತದೆ, ತಿಂಗಳಿಗೆ 21,000 ರೂಪಾಯಿವರೆಗೆ ಸಂಬಳ ಇರುವವರಿಗೆಲ್ಲ, ಇಪ್ಪತ್ತಾದರೆ ಪಿಎಫ್. ಹತ್ತನೆಯವನನ್ನು ಸೇರಿಸಿಕೊಳ್ಳುವ ಮುಂಚೆ ನಿಮ್ಮ ಲೆಕ್ಕದವರ ಜೊತೆ ಒಂದು ಗಂಟೆ ಕೂತು ಮಾತಾಡಿ. 20ನೇ ತಾರೀಖು ಮಾತ್ರ ಬೇಡ.