ರಾತ್ರಿ ಹತ್ತರ ಫೋನ್: ಸಣ್ಣ ಊರಿನ ಸೌಹಾರ್ದದ ಬಗ್ಗೆ ಒಂದು ಟಿಪ್ಪಣಿ

ಹದಿನೈದು ಅಂಕದ ಪ್ರಶ್ನೆಗೆ ನನಗೆ ಬಂದದ್ದು ನಾಲ್ಕು. ಮೇಷ್ಟ್ರು ಅಂಚಿನಲ್ಲಿ ಬರೆದದ್ದು ಒಂದೇ ಪದ: "ತಲೆಕೆಳಗು." ಎರಡು ದಿನ ಏನು ತಲೆಕೆಳಗಾಗಿದೆ ಅಂತ ಹೊಳೆಯಲೇ ಇಲ್ಲ. ಈಗ ಹೊಳೆದಿದೆ. ಮರೆಯುವ ಮೊದಲು ಬರೆದಿಡುತ್ತಿದ್ದೇನೆ. ನಿಮಗೂ ಇದೇ ಪಾಠ ಇದ್ದರೆ ಉಪಯೋಗವಾದೀತು.

ಪ್ರಶ್ನೆ ಇದು: ಇಡೀ ದೇಶವನ್ನು ಒಡೆಯುವ ಧರ್ಮ, ಜಾತಿಯ ಜಗಳ ಸಣ್ಣ ಊರಿಗೆ ಇಳಿದಾಗ ಕೆಲವು ಊರು ಹೊತ್ತಿಕೊಳ್ಳುತ್ತವೆ, ಕೆಲವು ತಣ್ಣಗಿರುತ್ತವೆ. ಯಾಕೆ?

ಬೇಗ ಮುಗಿಯುವ ಭಾಗ

ಸಮಾಜಶಾಸ್ತ್ರಜ್ಞ ಎಂ. ಎನ್. ಶ್ರೀನಿವಾಸ್ ನಮಗೆಲ್ಲ ಗೊತ್ತಿರುವವರೇ. 1948ರಲ್ಲಿ ಮೈಸೂರು ಹತ್ತಿರದ ಹಳ್ಳಿಯೊಂದರಲ್ಲಿ ಕೂತು ಅಧ್ಯಯನ ಮಾಡಿದರು. ಆ ಹಳ್ಳಿಗೆ ರಾಮಪುರ ಅಂತ ಹೆಸರಿಟ್ಟರು. ಪ್ರಬಲ ಜಾತಿ, ವೋಟ್ ಬ್ಯಾಂಕ್ ಎಂಬ ಎರಡೂ ಮಾತು ಅವರಿಂದಲೇ ಬಂದವು. ಭೂಮಿ, ಜನಬಲ ಇರುವ ಯಜಮಾನ ತನ್ನ ಹಿಂದಿರುವವರ ವೋಟನ್ನು ಒಟ್ಟಿಗೆ ಹಾಕಿಸುತ್ತಾನೆ. ಹಳ್ಳಿ ರಾಜಕೀಯ ಅಂದರೆ ಯಜಮಾನರ ರಾಜಕೀಯ. ಇಷ್ಟು ಸಾಕು.

ಇನ್ನೊಂದು ಚಿಕ್ಕ ಸಂಗತಿ ಪುಸ್ತಕದಲ್ಲಿ ಯಾರೂ ಒತ್ತಿ ಹೇಳುವುದಿಲ್ಲ. ಕರ್ನಾಟಕದಲ್ಲಿ ಗ್ರಾಮ ಪಂಚಾಯಿತಿ ಚುನಾವಣೆಗೆ ಪಕ್ಷದ ಚಿಹ್ನೆ ಇಲ್ಲ. ಊರಿನ ಜನಸಂಖ್ಯೆ ಹತ್ತು ಸಾವಿರ ದಾಟಿ ಪಟ್ಟಣ ಪಂಚಾಯಿತಿಯಾದರೆ ಚಿಹ್ನೆ ಬರುತ್ತದೆ. ಇಪ್ಪತ್ತು ಸಾವಿರ ದಾಟಿ ಪುರಸಭೆಯಾದರೂ ಅಷ್ಟೇ. ಅಂದರೆ ದೆಹಲಿಯಲ್ಲಿ ಜಗಳವಾಡುವ ಪಕ್ಷಗಳ ಚಿಹ್ನೆ, ಚರಂಡಿ ಮಾಡಿಸುವ ವಾರ್ಡ್ ಸದಸ್ಯನ ಹೆಸರಿನ ಮುಂದೆ ಕಾಣುವುದು ಸಣ್ಣ ಪಟ್ಟಣದಿಂದ. ನೆನ್ನೆಯವರೆಗೆ "ನಮ್ಮ ಮೂಲೆ ಮನೆಯವನು" ಆಗಿದ್ದವನು ಇವತ್ತು "ಆ ಪಾರ್ಟಿಯವನು". ದೇಶದ ಜಗಳ ಊರಿಗೆ ಇಳಿಯುವ ಒಂದು ದಾರಿ ಇದು.

ನಾನು ಬಿದ್ದ ಜಾಗ

ಪಾಠದ ಮುಖ್ಯ ವಾದ ರಾಜ್ಯಶಾಸ್ತ್ರಜ್ಞ ಅಶುತೋಷ್ ವಾರ್ಷ್ಣೆ ಅವರದು, 2002ರ ಪುಸ್ತಕದ್ದು. ಅವರು 1950ರಿಂದ 1995ರವರೆಗಿನ ಹಿಂದೂ-ಮುಸ್ಲಿಂ ಗಲಭೆಗಳ ಲೆಕ್ಕ ತೆಗೆದರು. ಸತ್ತವರಲ್ಲಿ ಹಳ್ಳಿಯವರು ನೂರಕ್ಕೆ ನಾಲ್ಕಕ್ಕಿಂತ ಕಡಿಮೆ. ಅದೂ ದೇಶದ ಮುಕ್ಕಾಲು ಪಾಲು ಜನ ಹಳ್ಳಿಯಲ್ಲೇ ಇದ್ದ ಕಾಲ. ಬರೀ ಎಂಟು ನಗರಗಳಲ್ಲಿ ಅರ್ಧದ ಹತ್ತಿರ ಸಾವು. (ಲೆಕ್ಕ ತೆಗೆದದ್ದು ಮುಂಬೈಯ ಒಂದು ಇಂಗ್ಲಿಷ್ ಪತ್ರಿಕೆಯಿಂದ. ಯಾವುದೋ ಮೂಲೆಯ ಊರಿನ ಗಲಾಟೆ ಅದರಲ್ಲಿ ಬಾರದೇ ಹೋಗಿರಬಹುದು ಅನ್ನುವ ಅನುಮಾನ ನನಗಿದೆ.)

ಆಮೇಲೆ ಅವರು ಊರುಗಳನ್ನು ಜೋಡಿ ಮಾಡಿದರು. ಗಲಭೆಯ ಅಲಿಗಢಕ್ಕೆ ಶಾಂತಿಯ ಕಲ್ಲಿಕೋಟೆ, ಹೈದರಾಬಾದಿಗೆ ಲಕ್ನೋ, ಅಹಮದಾಬಾದಿಗೆ ಸೂರತ್. ಜೋಡಿಯ ಎರಡೂ ಊರಲ್ಲಿ ಮುಸ್ಲಿಮರ ಪ್ರಮಾಣ ಹೆಚ್ಚುಕಡಿಮೆ ಒಂದೇ. ಹಾಗಿದ್ದರೆ ವ್ಯತ್ಯಾಸ ಎಲ್ಲಿ? ಎರಡು ಸಮುದಾಯದ ನಡುವಿನ ನಂಟಿನಲ್ಲಿ. ನಂಟಿನಲ್ಲಿ ಎರಡು ಬಗೆ. ಒಂದು ದಿನನಿತ್ಯದ್ದು: ಒಟ್ಟಿಗೆ ಊಟ, ಹಬ್ಬಕ್ಕೆ ಮನೆಗೆ ಹೋಗುವುದು, ಮಕ್ಕಳು ಕೂಡಿ ಆಡುವುದು. ಇನ್ನೊಂದು ಸಂಘದ್ದು: ವರ್ತಕರ ಸಂಘ, ಕಾರ್ಮಿಕ ಸಂಘ, ಪಕ್ಷ, ಓದುಗರ ಬಳಗ.

ಎರಡರಲ್ಲಿ ಯಾವುದು ಗಟ್ಟಿ? ನಾನು ಬರೆದದ್ದು: ದಿನನಿತ್ಯದ್ದೇ ಗಟ್ಟಿ, ಯಾಕೆಂದರೆ ಅದು ಹೃದಯದ್ದು, ಸಂಘ ಬರೀ ವ್ಯವಹಾರ. ಇದೇ ತಲೆಕೆಳಗು. ವಾರ್ಷ್ಣೆ ಹೇಳುವುದು ಉಲ್ಟಾ. ಪಟ್ಟಣದಲ್ಲಿ ಹೊರಗಿನ ಅಲೆ ಬಡಿದಾಗ ತಡೆಯುವುದು ಸಂಘ. ದಿನನಿತ್ಯದ ನಂಟು ಹಳ್ಳಿಗೆ ಸಾಕು, ಪಟ್ಟಣಕ್ಕೆ ಸಾಲದು.

ಮೊದಲು ನನಗೆ ಸಿಟ್ಟೇ ಬಂತು. ಒಟ್ಟಿಗೆ ಉಂಡವರ ಸ್ನೇಹಕ್ಕಿಂತ ಚಂದಾ ರಸೀದಿ ದೊಡ್ಡದಾ? ಆಮೇಲೆ ಒಂದು ದೃಶ್ಯ ಕಲ್ಪಿಸಿಕೊಂಡೆ.

ಎಪಿಎಂಸಿ ಯಾರ್ಡು. ದಲ್ಲಾಳಿ ಅಂಗಡಿ ಹಿಂದೂವಿನದು, ಲಾರಿ ಮುಸ್ಲಿಮನದು, ಹಮಾಲರು ಎಲ್ಲ ಜಾತಿಯವರು. ಮಾಲು ಬಂದಿದೆ, ತೂಕ ಆಗಿದೆ, ಹಣ ಇನ್ನೂ ಕೊಟ್ಟಿಲ್ಲ. ಹಮಾಲರ ಕೂಲಿ ಶನಿವಾರಕ್ಕೆ ಬಾಕಿ. ರಾತ್ರಿ ಹತ್ತಕ್ಕೆ ಮೊಬೈಲಿಗೆ ಒಂದು ವಿಡಿಯೋ ಬರುತ್ತದೆ: "ನಮ್ಮವರನ್ನು ಬಸ್‌ಸ್ಟ್ಯಾಂಡಲ್ಲಿ ಹೊಡೆದರು." ಈಗ ಯಾರು ಯಾರಿಗೆ ಫೋನ್ ಮಾಡುತ್ತಾರೆ?

ಬರೀ ಪಕ್ಕದ ಮನೆ ಸ್ನೇಹ ಇದ್ದರೆ, ಪಕ್ಕದ ಮನೆಯವನಿಗೆ ಮಾಡುತ್ತೇನೆ. "ಹುಷಾರು ಮಾರಾಯ, ಬಾಗಿಲು ಹಾಕಿಕೋ" ಅನ್ನುತ್ತೇನೆ. ಅವನೂ ಅದನ್ನೇ ಹೇಳುತ್ತಾನೆ. ಇಬ್ಬರೂ ಒಳ್ಳೆಯವರು, ಇಬ್ಬರೂ ಬಾಗಿಲು ಹಾಕಿಕೊಂಡಿದ್ದೇವೆ, ಬೀದಿ ಖಾಲಿ. ಸಂಘ ಇದ್ದರೆ ಅಧ್ಯಕ್ಷ ಲಾರಿ ಮಾಲೀಕರ ಸಂಘದ ಕಾರ್ಯದರ್ಶಿಗೆ ಮಾಡುತ್ತಾನೆ, ಅವನು ಬಸ್‌ಸ್ಟ್ಯಾಂಡಲ್ಲಿ ನಿಂತಿರುವ ಡ್ರೈವರಿಗೆ. "ಇಲ್ಲ ಸಾರ್, ಇಲ್ಲೇನೂ ಆಗಿಲ್ಲ." ಅಲ್ಲಿಂದ ಠಾಣೆಗೆ. ಇಪ್ಪತ್ತು ನಿಮಿಷದಲ್ಲಿ ಸುಳ್ಳು ಸುಳ್ಳಾಗಿಯೇ ಉಳಿಯುತ್ತದೆ. ಅಧ್ಯಕ್ಷ ದೇವರಂಥ ಮನುಷ್ಯ ಅಂತಲ್ಲ. ನಾಳೆ ಮಾರ್ಕೆಟ್ ಬಂದ್ ಆದರೆ ಅವನ ಮಾಲು ಕೊಳೆಯುತ್ತದೆ, ಅಷ್ಟೇ.

ಇದೇ ನನ್ನ ಸೂತ್ರ. ರಾತ್ರಿ ಹತ್ತಕ್ಕೆ ಫೋನ್ ಮಾಡುವವನು ಯಾರು? ಮಾಡದಿದ್ದರೆ ಅವನಿಗೇನು ನಷ್ಟ? ಎರಡಕ್ಕೂ ಉತ್ತರ ಸಿಕ್ಕರೆ ಅದು ಸಂಘದ ನಂಟು. ಮೊದಲನೆಯದಕ್ಕೆ ಮಾತ್ರ ಸಿಕ್ಕರೆ ದಿನನಿತ್ಯದ್ದು. ಯಾವ ಉದಾಹರಣೆ ಕೊಟ್ಟರೂ ಇದನ್ನು ಹಾಕಿ ನೋಡಿ, ಕೆಲಸ ಮಾಡುತ್ತದೆ.

ಇನ್ನೂ ಅನುಮಾನ ಇದ್ದರೆ ಲೆಕ್ಕ ಮಾಡಿ. ಊರಲ್ಲಿ ಎಷ್ಟು ಜನ ಇದ್ದಾರೋ ಅದನ್ನು ಒಂದು ಕಡಿಮೆ ಮಾಡಿದ ಸಂಖ್ಯೆಯಿಂದ ಗುಣಿಸಿ, ಎರಡರಿಂದ ಭಾಗಿಸಿ. ಅಷ್ಟು ಜೋಡಿ ಪರಿಚಯ ಸಾಧ್ಯ. 2,000 ಜನರ ಹಳ್ಳಿಯಲ್ಲಿ ಸುಮಾರು 20 ಲಕ್ಷ ಜೋಡಿ. 20,000 ಜನರ ಪಟ್ಟಣದಲ್ಲಿ ಸುಮಾರು 20 ಕೋಟಿ. ಜನ ಹತ್ತು ಪಟ್ಟು, ಜೋಡಿ ನೂರು ಪಟ್ಟು. ಒಬ್ಬೊಬ್ಬನ ಪಾಲಿಗೆ ಹತ್ತು ಪಟ್ಟು. ಎಷ್ಟೇ ಬೆರೆಯುವ ಮನುಷ್ಯನಾದರೂ ಹತ್ತು ಪಟ್ಟು ಜಾಸ್ತಿ ಚಹಾ ಕುಡಿಯಲು ಆಗುತ್ತದಾ? ಸಂಘದಲ್ಲಿ ಹಾಗಲ್ಲ. ಇಬ್ಬರು ಪದಾಧಿಕಾರಿಗಳು ಮಾತಾಡಿದರೆ ಇನ್ನೂರು ಜನ ಮಾತಾಡಿದಂತೆ.

ಒಂದು ಎಚ್ಚರ. ದಿನನಿತ್ಯದ ನಂಟು ಕಡಿಮೆ ಇರುವ ಊರಲ್ಲೇ ಗಲಭೆ ಅಂತ ಬರೆಯಬೇಡಿ. ಅಲಿಗಢದಲ್ಲೂ ಕೇಳಿದವರಲ್ಲಿ ನೂರಕ್ಕೆ 54 ಮಂದಿ ಒಟ್ಟಿಗೆ ಊಟ ಮಾಡುತ್ತೇವೆ ಅಂದಿದ್ದರು. ಕಲ್ಲಿಕೋಟೆಯಲ್ಲಿ 83. 54 ಸಣ್ಣ ಸಂಖ್ಯೆಯೇನಲ್ಲ, ಅಲ್ವಾ? ಆದರೂ ಅಲ್ಲಿ ತಡೆ ನಿಲ್ಲಲಿಲ್ಲ.

ನಮ್ಮ ಕಡೆಯ ಉದಾಹರಣೆ

ಉಡುಪಿಯ ಒಂದು ಪಿಯು ಕಾಲೇಜಿನಲ್ಲಿ ಶುರುವಾದ ಹಿಜಾಬ್ ವಿವಾದ 2022ರ ಮೊದಲ ತಿಂಗಳಲ್ಲೇ ದೇಶದ ಸುದ್ದಿಯಾಯಿತು. ಮಾರ್ಚ್ 15ಕ್ಕೆ ಹೈಕೋರ್ಟ್ ತೀರ್ಪು. 17ಕ್ಕೆ ತೀರ್ಪನ್ನು ವಿರೋಧಿಸಿ ಮುಸ್ಲಿಂ ವ್ಯಾಪಾರಿಗಳು ಅಂಗಡಿ ಮುಚ್ಚಿದರು. ಒಂದು ವಾರದೊಳಗೆ ಕಾಪುವಿನ ಮಾರಿಗುಡಿಯಲ್ಲಿ ಸುಗ್ಗಿ ಮಾರಿಪೂಜೆ. ಮಳಿಗೆ ಹರಾಜು ಹಿಂದೂಗಳಿಗೆ ಮಾತ್ರ. ಶಿವಮೊಗ್ಗದ ಕೋಟೆ ಮಾರಿಕಾಂಬಾ ಜಾತ್ರೆಯಲ್ಲೂ ಇದೇ ಆಯಿತು. ದೇವಸ್ಥಾನದ ಜಾಗವನ್ನು ಹಿಂದೂಯೇತರರಿಗೆ ಗುತ್ತಿಗೆ ಕೊಡುವಂತಿಲ್ಲ ಎನ್ನುವ 2002ರ ಧಾರ್ಮಿಕ ದತ್ತಿ ನಿಯಮವನ್ನು ಮುಂದಿಟ್ಟರು. ಇಪ್ಪತ್ತು ವರ್ಷ ಹಳೆಯ ನಿಯಮ. ಅದು ಸುದ್ದಿಯಾದದ್ದು ಆ ವಾರ.

ಜಾತ್ರೆಯಲ್ಲಿ ಬಳೆ, ಬತ್ತಾಸು ಕೊಳ್ಳುವುದು ದಿನನಿತ್ಯದ ನಂಟೇ. ನನ್ನ ಸೂತ್ರ ಹಾಕಿ. ವರ್ಷಕ್ಕೆರಡು ದಿನ ಮಳಿಗೆ ಹಾಕುವವನಿಗೆ ಆ ರಾತ್ರಿ ಫೋನ್ ಮಾಡಲು ಯಾರಿದ್ದರು? ಅವನು ಬಾರದಿದ್ದರೆ ಮಿಕ್ಕವರಿಗೆ ಏನು ನಷ್ಟ? ಬಳೆ ಬೇರೆಯವನ ಹತ್ತಿರ ಸಿಗುತ್ತದೆ. ಅಲ್ಲೇ ನಂಟು ತೆಳುವಾಗಿತ್ತು ಅನ್ನುವುದು ನನ್ನ ಓದು.

ಅದೇ ವರ್ಷ ಏಪ್ರಿಲ್‌ನಲ್ಲಿ ಬೇಲೂರಿನಲ್ಲಿ ಬೇರೆ ಥರ ಆಯಿತು. ಚೆನ್ನಕೇಶವನ ರಥೋತ್ಸವದ ಹೊತ್ತಿಗೆ ಖಾಜಿಯವರು ಕುರಾನಿನ ಸಾಲು ಓದುವ ಹಳೆಯ ಪದ್ಧತಿಗೂ ವಿರೋಧ ಬಂದಿತ್ತು. ಮುಜರಾಯಿ ಇಲಾಖೆ ಅನುಮತಿ ಕೊಟ್ಟಿತು, ಓದು ನಡೆಯಿತು. ಇಲ್ಲಿ ಉಳಿಸಿದ್ದು ಸ್ನೇಹವೂ ಅಲ್ಲ, ಸಂಘವೂ ಅಲ್ಲ. ಸರ್ಕಾರಿ ಕಚೇರಿ. ಇದು ವಾರ್ಷ್ಣೆ ಚೌಕಟ್ಟಿಗೆ ಸರಿಯಾಗಿ ಕೂರುವುದಿಲ್ಲ.

ವಾರ್ಷ್ಣೆಯನ್ನು ವಿರೋಧಿಸುವ ವಿದ್ವಾಂಸರು, ಎರಡೇ ಸಾಲು

ಸ್ಟೀವನ್ ವಿಲ್ಕಿನ್ಸನ್: ಅಲ್ಪಸಂಖ್ಯಾತರ ವೋಟು ಬೇಕಾದ ರಾಜ್ಯ ಸರ್ಕಾರ ಪೊಲೀಸರನ್ನು ಬಿಗಿಯಾಗಿ ಬಳಸುತ್ತದೆ, ಬೇಡವಾದರೆ ಇಲ್ಲ. ಪಾಲ್ ಬ್ರಾಸ್: ಗಲಭೆ ತಾನಾಗಿ ಆಗುವುದಿಲ್ಲ, ಮಾಡಿಸುವವರ ಒಂದು ವ್ಯವಸ್ಥೆಯೇ ಇರುತ್ತದೆ.

ಬೇಲೂರನ್ನು ವಿಲ್ಕಿನ್ಸನ್ ಕೆಳಗೆ ಬರೆಯಬೇಡಿ. ಅಲ್ಲಿ ಇಲಾಖೆ ಯಾಕೆ ಹಾಗೆ ಮಾಡಿತು ಅನ್ನುವುದಕ್ಕೆ ವೋಟಿನ ಲೆಕ್ಕ ಹೊಂದುವುದಿಲ್ಲ. ಸಂಘ, ಸರ್ಕಾರ ಎರಡೂ ಸೇರಿದ್ದಕ್ಕೆ ಮಹಾರಾಷ್ಟ್ರದ ಭಿವಂಡಿ ಒಳ್ಳೆಯ ಉದಾಹರಣೆ. 1970, 1984ರಲ್ಲಿ ಹೊತ್ತಿ ಉರಿದ ಮಗ್ಗದ ಊರು. ಆಮೇಲೆ ಸುರೇಶ್ ಖೋಪಡೆ ಎಂಬ ಪೊಲೀಸ್ ಅಧಿಕಾರಿ ಮೊಹಲ್ಲಾ ಸಮಿತಿ, ಅಂದರೆ ಹಿಂದೂ-ಮುಸ್ಲಿಮರಿಬ್ಬರೂ ಕೂರುವ ಬಡಾವಣೆ ಸಮಿತಿ ಕಟ್ಟಿದರು. 1992-93ರಲ್ಲಿ ಪಕ್ಕದ ಮುಂಬೈಯಲ್ಲಿ 900 ಜನ ಸತ್ತಾಗ ಭಿವಂಡಿ ಸುಮ್ಮನಿತ್ತು. ಸಂಘವನ್ನು ಪೊಲೀಸರೇ ಕಟ್ಟಬಹುದು ಅಂದ ಹಾಗಾಯಿತು. ಎರಡೂ ಕಡೆಯ ವಾದಕ್ಕೆ ಇದು ಬಳಕೆಗೆ ಬರುತ್ತದೆ.

ಉಳಿದ ಒಂದು ತೊಡಕು: ಪ್ರತಿ ಸಣ್ಣ ಪಟ್ಟಣಕ್ಕೂ "ನಮ್ಮೂರು" ಅಂತ ಒಂದು ವಾಟ್ಸಾಪ್ ಗುಂಪು ಇರುತ್ತದೆ. ಎಲ್ಲ ಜಾತಿ, ಧರ್ಮದವರೂ ಅದರಲ್ಲಿ. ಅದನ್ನು ಸಂಘ ಅನ್ನಬಹುದಾ? ಗೆಳೆಯ ಹೌದು ಅಂದ. ನಾನು ಸೂತ್ರ ಹಾಕಿದೆ. ರಾತ್ರಿ ಹತ್ತಕ್ಕೆ ಅಡ್ಮಿನ್ ಎದ್ದೇ ಇರುತ್ತಾನೆ, ಸರಿ. ಗುಂಪು ಒಡೆದರೆ ಅವನಿಗೇನು ನಷ್ಟ? ಬೆಳಿಗ್ಗೆ "ನಮ್ಮೂರು 2" ಶುರುವಾಗಿರುತ್ತದೆ.