ಬಫಿಯ ಕಥೆ ಪುಟಕ್ಕೆ ಇಳಿದಾಗ

ಕಾಮಿಕ್ ಪುಸ್ತಕಗಳ ಸಂಪಾದನೆಯನ್ನೇ ವೃತ್ತಿಯಾಗಿಸಿಕೊಂಡಿರುವ ನನ್ನ ಬಳಿಗೆ ಬರುವ ಹಸ್ತಪ್ರತಿಗಳ ಜೊತೆಗೆ ಒಂದು ಮಾತು ಸಾಮಾನ್ಯವಾಗಿ ಬಂದೇ ಬರುತ್ತದೆ: ಕಾಗದದ ಮೇಲೆ ಖರ್ಚಿನ ಮಿತಿಯಿಲ್ಲ, ಆದ್ದರಿಂದ ಏನನ್ನು ಬೇಕಾದರೂ ತೋರಿಸಬಹುದು. ಈ ಮಾತು ಎಲ್ಲಿಯವರೆಗೆ ನಿಲ್ಲುತ್ತದೆ, ಎಲ್ಲಿ ಕೈಕೊಡುತ್ತದೆ ಎಂದು ತೋರಿಸಲು ನಾನು ಯುವ ಬರಹಗಾರರ ಮುಂದೆ ಇಡುವುದು ‘ಬಫಿ ದ ವ್ಯಾಂಪೈರ್ ಸ್ಲೇಯರ್’ ಸರಣಿಯನ್ನು. ರಕ್ತ ಹೀರುವ ವ್ಯಾಂಪೈರ್‌ಗಳನ್ನು ಕೊಲ್ಲುವ ಬೇಟೆಗಾರ್ತಿ, ಅಂದರೆ ‘ಸ್ಲೇಯರ್’, ಆದ ಬಫಿ ಎಂಬ ಹುಡುಗಿ ಇದರ ನಾಯಕಿ. 1997ರಿಂದ 2003ರವರೆಗೆ ಅಮೆರಿಕದ ಟೀವಿಯಲ್ಲಿ ಏಳು ಸೀಸನ್‌ಗಳಲ್ಲಿ 144 ಕಂತು ಪ್ರಸಾರವಾದ ಈ ಕಥೆಯ ಸುತ್ತ ಕಾದಂಬರಿಗಳೂ ಕಾಮಿಕ್‌ಗಳೂ ರಾಶಿಯಾಗಿ ಬಂದಿವೆ.

ಕಾದಂಬರಿಗಳನ್ನು ಮೊದಲು ನೋಡೋಣ. ಸರಣಿ ಇನ್ನೂ ನಡೆಯುತ್ತಿರುವಾಗ ಅದರ ಪಾತ್ರಗಳನ್ನಿಟ್ಟುಕೊಂಡು ಬರೆಯುವವರ ಸ್ಥಿತಿ ಬಾಡಿಗೆ ಮನೆಯಲ್ಲಿರುವವರದ್ದು. ಗೋಡೆ ಒಡೆಯುವಂತಿಲ್ಲ, ಬಿಟ್ಟು ಹೋಗುವಾಗ ಎಲ್ಲವನ್ನೂ ಮೊದಲಿದ್ದಂತೆಯೇ ಒಪ್ಪಿಸಬೇಕು. ಯಾರನ್ನೂ ಸಾಯಿಸುವಂತಿಲ್ಲ, ಯಾರ ಸಂಬಂಧವನ್ನೂ ಮುರಿಯುವಂತಿಲ್ಲ. ಮುಂದಿನ ವಾರದ ಕಂತು ಬೇರೆಯದನ್ನೇ ಹೇಳಿಬಿಟ್ಟರೆ ಪುಸ್ತಕ ಅಂದಿಗೇ ಹಳತಾಗುತ್ತದೆ. ಈ ಕಟ್ಟುಪಾಡಿನೊಳಗೂ ಜಾಣತನಕ್ಕೆ ಜಾಗವಿದೆ ಎಂಬುದಕ್ಕೆ ಕ್ರಿಸ್ಟೋಫರ್ ಗೋಲ್ಡನ್ 2001ರಲ್ಲಿ ನಾಲ್ಕು ಭಾಗಗಳಲ್ಲಿ ಬರೆದ ‘ದ ಲಾಸ್ಟ್ ಸ್ಲೇಯರ್’ ಸಾಕ್ಷಿ. ಬಫಿಯ ಮನಸ್ಸು ಐದು ವರ್ಷ ಮುಂದಿನ ಕಾಲಕ್ಕೆ ಎಸೆಯಲ್ಪಡುತ್ತದೆ. ಅಲ್ಲಿ ಅವಳನ್ನು ತಂದೆಯಂತೆ ಕಾಯ್ದ ಗುರು ಜೈಲ್ಸ್ ರಕ್ತ ಹೀರುವವರ ರಾಜನಾಗಿ ಕುಳಿತಿದ್ದಾನೆ. ಟೀವಿಯವರು ಎಂದೂ ಒಪ್ಪದ ವಿನಾಶವನ್ನು ಪೂರ್ತಿಯಾಗಿ ತೋರಿಸಿ, ಕೊನೆಗೆ ಕಾಲವನ್ನೇ ಹಿಂದಕ್ಕೆ ತಿರುಗಿಸಿ ಮನೆಯನ್ನು ಇದ್ದ ಹಾಗೆ ಒಪ್ಪಿಸುವ ಈ ಉಪಾಯ ಹೊಸದೇನಲ್ಲ. ಆದರೆ ಪ್ರೀತಿಸಿದ ಗುರುವೇ ಶತ್ರುವಾದಾಗ ಬಫಿಯ ಒಳಗೆ ನಡೆಯುವುದನ್ನು ಗದ್ಯ ನಿಧಾನವಾಗಿ ಹೇಳಬಲ್ಲದು, ಆ ನಿಧಾನ ಟೀವಿಗೆ ಸಿಗುವುದಿಲ್ಲ.

ಕಾಮಿಕ್‌ನ ಮಾತು ಬೇರೆ. 2007ರ ಮಾರ್ಚ್‌ನಲ್ಲಿ ಡಾರ್ಕ್ ಹಾರ್ಸ್ ಪ್ರಕಾಶನವು ‘ಸೀಸನ್ 8’ ಎಂಬ ಹೆಸರಿನಲ್ಲಿಯೇ ಕಥೆಯನ್ನು ಮುಂದುವರಿಸಿತು. ಸರಣಿಯ ಸೃಷ್ಟಿಕರ್ತ ಜಾಸ್ ವೀಡನ್ ತಾನೇ ಆರಂಭದ ಸಂಚಿಕೆಗಳನ್ನು ಬರೆದು ಉಳಿದುದರ ಮೇಲ್ವಿಚಾರಣೆ ವಹಿಸಿಕೊಂಡಿದ್ದರಿಂದ ಓದುಗರು ಇದನ್ನು ಅಧಿಕೃತ ಕಥೆಯೆಂದೇ ಸ್ವೀಕರಿಸಿದರು. ಜಾರ್ಜಸ್ ಜಾಂಟಿ ಮುಖ್ಯ ಚಿತ್ರಕಾರರಾಗಿದ್ದ ಈ ಸರಣಿ 2011ರ ಜನವರಿಯವರೆಗೆ 40 ಸಂಚಿಕೆ ನಡೆಯಿತು. ಈಗ ಇದು ಬಾಡಿಗೆ ಮನೆಯಲ್ಲ, ಸ್ವಂತದ್ದು; ಗೋಡೆಗಳನ್ನು ಕೆಡವಲು ತಡವೇ ಆಗಲಿಲ್ಲ. ಸ್ಕಾಟ್ಲೆಂಡಿನ ಕೋಟೆಯಲ್ಲಿ ಬೇಟೆಗಾರ್ತಿಯರ ಪಡೆ, ಬಫಿಯ ತಂಗಿ ಡಾನ್ ಆಳೆತ್ತರ ಮೀರಿ ದೈತ್ಯಳಾಗಿ ನಿಲ್ಲುವುದು, ಬಫಿ ಆಕಾಶದಲ್ಲಿ ಹಾರುವುದು, ಹೀಗೆ ಸ್ಟುಡಿಯೊದಲ್ಲಿ ಕೈಗೆಟುಕದಿದ್ದುದೆಲ್ಲ ಪುಟಕ್ಕೆ ಬಂತು.

ಮೊದಲ ಸಂಚಿಕೆಗಳನ್ನು ನಾನು ಬಹಳ ಸಂತೋಷದಿಂದ ಓದಿದೆ. ಆದರೆ ಓದುತ್ತ ಹೋದಂತೆ ಭಯ ಕಡಿಮೆಯಾಗುತ್ತ ಬಂತು. ಟೀವಿಯ ಬಫಿಯಲ್ಲಿ ಹೈಸ್ಕೂಲಿನ ಗ್ರಂಥಾಲಯದ ನೆಲದಡಿಯೇ ನರಕದ ಬಾಯಿ ಇತ್ತು. ಪರೀಕ್ಷೆಯ ಹಿಂದಿನ ರಾತ್ರಿ ಸ್ಮಶಾನದಲ್ಲಿ ಗಸ್ತು ತಿರುಗಬೇಕಿತ್ತು. ದೆವ್ವಕ್ಕೆ ತೂಕ ಬರುತ್ತಿದ್ದುದು ಪಕ್ಕದಲ್ಲಿದ್ದ ಈ ದಿನನಿತ್ಯದ ಬದುಕಿನಿಂದಲೇ. ಎಲ್ಲವೂ ಅದ್ಭುತವಾದ ಪುಟದಲ್ಲಿ ಯಾವುದೂ ಅದ್ಭುತವಾಗಿ ಉಳಿಯುವುದಿಲ್ಲ. ಇದನ್ನು ಹೊರಗಿನ ವಿಮರ್ಶಕರಷ್ಟೇ ಅಲ್ಲ, ಮಾಡಿದವರೂ ಕಂಡುಕೊಂಡರೆಂದು ಕಾಣುತ್ತದೆ. ಮುಂದಿನ ‘ಸೀಸನ್ 9’ರಲ್ಲಿ ಬಫಿ ಸ್ಯಾನ್ ಫ್ರಾನ್ಸಿಸ್ಕೊದಲ್ಲಿ ಹೊಟ್ಟೆಪಾಡಿನ ಕೆಲಸ ಮಾಡುತ್ತ, ಜೊತೆಗಾರರೊಂದಿಗೆ ಬಾಡಿಗೆ ಹಂಚಿಕೊಂಡು ಬದುಕುವ ಹುಡುಗಿಯಾಗಿ ಮರಳಿ ನೆಲಕ್ಕಿಳಿದಳು, ಸಂಚಿಕೆಗಳೂ 25ಕ್ಕೆ ನಿಂತವು.

ಪುಟಕ್ಕೆ ಅದರದೇ ಆದ ಬಡತನವೂ ಇದೆ. 1999ರ ಡಿಸೆಂಬರ್‌ನಲ್ಲಿ ಪ್ರಸಾರವಾದ ‘ಹಷ್’ ಎಂಬ ಕಂತಿನಲ್ಲಿ ನಗುಮುಖದ, ಕಾಲು ನೆಲಕ್ಕೆ ತಾಗಿಸದೆ ತೇಲುವ ಪಿಶಾಚಿಗಳು ಇಡೀ ಊರಿನ ಧ್ವನಿಯನ್ನು ಕದ್ದೊಯ್ಯುತ್ತವೆ, ಮತ್ತು ಅರ್ಧಕ್ಕಿಂತ ಹೆಚ್ಚು ಹೊತ್ತು ಯಾರೂ ಮಾತಾಡುವುದಿಲ್ಲ. ಇದನ್ನು ಕಾಮಿಕ್ ಪುಟಕ್ಕೆ ಇಳಿಸಿ ನೋಡಿ ಎಂದು ನಾನು ಕಮ್ಮಟಗಳಲ್ಲಿ ಅಭ್ಯಾಸ ಕೊಡುತ್ತೇನೆ. ಬಹುತೇಕರು ಮಾತಿನ ಗುಳ್ಳೆಗಳನ್ನು ತೆಗೆದುಹಾಕುತ್ತಾರೆ, ಆಗ ಏನೂ ಆಗುವುದಿಲ್ಲ, ಏಕೆಂದರೆ ಪುಟ ಮೊದಲೇ ಮೂಕ. ಮೌನವನ್ನು ಕೇಳಿಸಬೇಕಾದರೆ ಗುಳ್ಳೆಯನ್ನು ಬರೆದು ಒಳಗೆ ಖಾಲಿ ಬಿಡಬೇಕು, ಬಾಲ ಬಾಯಿಯತ್ತ ಚಾಚಿರಬೇಕು, ಪುಟ ತಿರುವಿದ ಮೇಲೆಯೇ ಆ ಮೊದಲ ಖಾಲಿ ಗುಳ್ಳೆ ಕಣ್ಣಿಗೆ ಬೀಳಬೇಕು. ಒಂದು ಮಾಧ್ಯಮದ ಭಯವನ್ನು ಇನ್ನೊಂದಕ್ಕೆ ಹಾಗೆಯೇ ಎತ್ತಿಡಲಾಗದು, ಅಲ್ಲಿಯ ಸಾಮಗ್ರಿಯಿಂದಲೇ ಹೊಸದಾಗಿ ಕಟ್ಟಬೇಕು.

ಹೊಸ ಓದುಗರಿಗೆ ನಾನು ಮೊದಲು ಕೊಡುವ ಪುಸ್ತಕ ‘ಸೀಸನ್ 8’ ಅಲ್ಲ. ವೀಡನ್ ಬರೆದ, 2001ರಿಂದ 2003ರ ನಡುವೆ ಎಂಟು ಸಂಚಿಕೆಗಳಲ್ಲಿ ಬಂದ ‘ಫ್ರೇ’. ಎರಡು ಶತಮಾನ ಮುಂದಿನ ಕಾಲದ ಮೆಲಾಕಾ ಫ್ರೇ ಎಂಬ ಕಳ್ಳಿ ಅದರ ನಾಯಕಿ; ಬಫಿಯಂತೆ ಅವಳೂ ಬೇಟೆಗಾರ್ತಿ. ಬೇಟೆಗಾರ್ತಿಗೆ ಬೀಳಬೇಕಾದ ಕನಸುಗಳು ಅವಳಿಗೆ ಬೀಳುವುದಿಲ್ಲ; ಅವು ಅವಳ ಅವಳಿ ತಮ್ಮನ ಪಾಲಾಗಿವೆ. ಅವಳ ಕೈಗೆ ಬರುವ ಕೆಂಪು ಆಯುಧ ಮೊದಲು ಕಾಣಿಸಿಕೊಂಡದ್ದು ಈ ಕಾಮಿಕ್‌ನಲ್ಲಿ; ಅನಂತರ, 2003ರ ಕೊನೆಯ ಕಂತುಗಳಲ್ಲಿ, ಅದೇ ಆಯುಧವನ್ನು ಬಫಿ ಬಂಡೆಯೊಳಗಿಂದ ಎಳೆದು ತೆಗೆಯುತ್ತಾಳೆ. ಸರಣಿಯ ಕೊನೆಯ ಕಂತನ್ನು ನೋಡಿದ ಮರುದಿನ ‘ಫ್ರೇ’ ಓದಿದರೆ, ಆ ಹಿಡಿಯನ್ನು ಇನ್ನೂರು ವರ್ಷದ ಅಂತರದಲ್ಲಿ ಎರಡು ಕೈಗಳು ಹಿಡಿದಿರುವುದು ಕಾಣುತ್ತದೆ.