ಕಡಲಿನ ಸುಳಿಯೂ ತೋಟದ ಸೊಪ್ಪೂ

ಶಿರಸಿ ಕಡೆ ‘ಸುಳಿ’ ಅಂದರೆ ಮೊದಲು ನೆನಪಾಗುವುದು ಅಡಿಕೆ ಮರದ ತುದಿ. ಹೊಸ ಎಲೆ ಹೊರಡುವ ಜಾಗ ಅದು. ಘಟ್ಟ ಇಳಿದು ಕಾರವಾರಕ್ಕೆ ಬಂದರೆ ಅದೇ ಮಾತಿಗೆ ಜನ ಕಾಳಿ ಹೊಳೆಯ ಕಡೆ ಕೈ ತೋರಿಸುತ್ತಾರೆ, ಹುಷಾರು ಅನ್ನುತ್ತಾರೆ. ನಡುಗಡಲಿನ ಸುಳಿಗೆ ನಮ್ಮ ತೋಟದ ಅರ್ಥವೇ ಜಾಸ್ತಿ ಹೊಂದುತ್ತದೆ ಅಂತ ನನಗನ್ನಿಸುತ್ತದೆ.

ಇದು ದೋಣಿ ನುಂಗುವ ಸುಳಿಯಲ್ಲ. ಅಗಲ ಹತ್ತಾರು ಕಿಲೋಮೀಟರಿನಿಂದ ಕೆಲವು ನೂರು ಕಿಲೋಮೀಟರ್. ವಾರಗಟ್ಟಲೆ, ತಿಂಗಳುಗಟ್ಟಲೆ ನಿಧಾನಕ್ಕೆ ತಿರುಗುತ್ತಿರುತ್ತದೆ. ಅದರೊಳಗೆ ಬಲೆ ಬಿಟ್ಟು ಕೂತವರಿಗೂ ತಿರುಗುವುದು ಗೊತ್ತಾಗುವುದಿಲ್ಲ. ನಡುವಿನ ನೀರು ಸುತ್ತಲಿಗಿಂತ ಒಂದು ಗೇಣು ತಗ್ಗಿರಬಹುದು, ಇಲ್ಲವೇ ಉಬ್ಬಿರಬಹುದು, ಅಷ್ಟೇ. ಆ ಗೇಣನ್ನು ಉಪಗ್ರಹದ ರೇಡಾರ್ ಅಳೆಯುತ್ತದೆ. ಇಸ್ರೋ ಮತ್ತು ಫ್ರಾನ್ಸ್ ಸೇರಿ 2013ರಲ್ಲಿ ಹಾರಿಸಿದ ‘ಸರಳ್’ ಉಪಗ್ರಹದ ಕೆಲಸವೇ ಅದಾಗಿತ್ತು.

ಸುಳಿಯಿಂದ ಏನು ಲಾಭ? ಅದಕ್ಕೆ ಮೊದಲು ಕಡಲಿನ ಕಷ್ಟ ತಿಳಿಯಬೇಕು. ನಾವು ಸೊಪ್ಪಿನ ಬೆಟ್ಟದಿಂದ ಸೊಪ್ಪು ತಂದು ಅಡಿಕೆ ಮರದ ಬುಡಕ್ಕೆ ಹಾಕುತ್ತೇವೆ. ಅದು ಕೊಳೆತರೂ ಬೇರಿನ ಹತ್ತಿರವೇ ಇರುತ್ತದೆ. ಕಡಲಿನ ಬೆಳೆ ಅಂದರೆ ಫೈಟೋಪ್ಲಾಂಕ್ಟನ್, ಕಣ್ಣಿಗೆ ಕಾಣದಷ್ಟು ಸಣ್ಣ ಸಸ್ಯಗಳು. ಬಿಸಿಲು ಬೇಕಲ್ಲ, ಹಾಗಾಗಿ ಮೇಲಿನ ನೀರಲ್ಲೇ ಬೆಳೆಯುತ್ತವೆ. ಎಷ್ಟೇ ತಿಳಿನೀರಾದರೂ ಸುಮಾರು 200 ಮೀಟರಿನ ಕೆಳಗೆ ಬೆಳಕು ಸಾಲದು. ಆದರೆ ಸತ್ತದ್ದು, ಮೀನಿನ ಹಿಕ್ಕೆ ಎಲ್ಲ ಕೆಳಗೆ ಬೀಳುತ್ತದೆ. ಕತ್ತಲಲ್ಲಿ ಕೊಳೆಯುತ್ತದೆ. ನೈಟ್ರೇಟು, ಫಾಸ್ಫೇಟು ಅಲ್ಲೇ ಸೇರುತ್ತವೆ. ಬಿಸಿಲಿದ್ದಲ್ಲಿ ಗೊಬ್ಬರವಿಲ್ಲ, ಗೊಬ್ಬರವಿದ್ದಲ್ಲಿ ಬಿಸಿಲಿಲ್ಲ. ಸಾಲದ್ದಕ್ಕೆ ಬೆಚ್ಚಗಿನ ಹಗುರ ನೀರು ತಣ್ಣೀರಿನ ಮೇಲೆ ಮುಚ್ಚಳದ ಹಾಗೆ ಕೂತಿರುತ್ತದೆ.

ಆ ಮುಚ್ಚಳವನ್ನು ಎತ್ತುವ ಕೈಗಳಲ್ಲಿ ಸುಳಿಯೂ ಒಂದು. ಭೂಮಿ ತಿರುಗುವುದರಿಂದ ಉತ್ತರ ಗೋಳಾರ್ಧದಲ್ಲಿ ಹರಿವ ನೀರು ಬಲಕ್ಕೆ ವಾಲುತ್ತದೆ. ಗಡಿಯಾರದ ಎದುರು ದಿಕ್ಕಿಗೆ ತಿರುಗುವ ಸುಳಿಯಲ್ಲಿ ಬಲ ಅಂದರೆ ಹೊರಗೆ. ಮೇಲ್ನೀರು ಹೊರಕ್ಕೆ ಸರಿದ ಹಾಗೆ ನಡುವೆ ಕೆಳಗಿನ ತಣ್ಣೀರು ಏರುತ್ತದೆ, ಗೊಬ್ಬರವನ್ನೂ ತರುತ್ತದೆ. ಸಸ್ಯ ಹೆಚ್ಚಿದರೆ ಅದನ್ನು ತಿನ್ನುವ ಸಣ್ಣ ಜೀವಿಗಳು ಹೆಚ್ಚುತ್ತವೆ. ಹಿಂದೆಯೇ ತಾರ್ಲೆ, ಬಂಗಡೆ. (ಮೀನು ತಿನ್ನದ ಮನೆಯವನಾದ ನನಗೆ ಇವೆರಡರ ವ್ಯತ್ಯಾಸ ಕಲಿಸಿದ್ದು ಕಾರವಾರದ ಗೆಳೆಯರು.)

ಉಲ್ಟಾ ತಿರುಗಿದರೆ ಉಲ್ಟಾ ಫಲ. ಬೆಚ್ಚಗಿನ ನೀರು ನಡುವೆ ಗುಡ್ಡೆಯಾಗಿ ಮುಚ್ಚಳ ದಪ್ಪವಾಗುತ್ತದೆ. ಚಳಿಗಾಲದಲ್ಲಿ ನಮ್ಮ ದಕ್ಷಿಣಕ್ಕೆ, ಲಕ್ಷದ್ವೀಪದ ಬಳಿ ಇಂಥದೊಂದು ಭಾರಿ ಸುಳಿ ಏಳುತ್ತದೆ. ಹೆಸರು ‘ಲಕ್ಷದ್ವೀಪ ಹೈ’. ಗೋವಾದ ರಾಷ್ಟ್ರೀಯ ಸಮುದ್ರ ವಿಜ್ಞಾನ ಸಂಸ್ಥೆಯ ಶಂಕರ್ ಮತ್ತು ಶೆಟ್ಯೆ 1997ರಲ್ಲಿ ಇದರ ಹುಟ್ಟನ್ನು ವಿವರಿಸಿದರು. ಬೀಜ ಇರುವುದು ಬಂಗಾಳ ಕೊಲ್ಲಿಯಲ್ಲಂತೆ! ಅಲ್ಲಿ ಎದ್ದ ನಿಧಾನದ ಅಲೆ ಶ್ರೀಲಂಕಾ ಸುತ್ತಿ, ನಮ್ಮ ಪಶ್ಚಿಮ ಕರಾವಳಿಗುಂಟ ಉತ್ತರಕ್ಕೆ ಬರುತ್ತದೆ. ದಾರಿಯಲ್ಲಿ ಅದರ ಒಂದು ಪಾಲು ಪಡುವಣಕ್ಕೆ ಹೊರಳುತ್ತದೆ. ಮಳೆಗಾಲದಲ್ಲಿ ಅದೇ ಜಾಗದಲ್ಲಿ ಎದುರು ದಿಕ್ಕಿನ ಸುಳಿ, ‘ಲಕ್ಷದ್ವೀಪ ಲೋ’.

ಹಾಗಂತ ಕಾರವಾರದ ಮೀನಿನ ಪುಣ್ಯವನ್ನೆಲ್ಲ ಸುಳಿಗೆ ಕಟ್ಟುವುದು ತಪ್ಪು. ಇಲ್ಲಿ ದಡದ ಹತ್ತಿರ ಗೊಬ್ಬರ ಏರುವುದು ಮುಖ್ಯವಾಗಿ ಮಳೆಗಾಲದ ಗಾಳಿ ಮತ್ತು ಕಡಲೊಳಗಿನ ಹರಿವಿನ ದೆಸೆಯಿಂದ. ಸುಳಿಗಳು ಆ ಹಸಿರು ನೀರನ್ನು ನಾಲಗೆಯಂತೆ ಎಳೆದು ದೂರದ ಬಡ ನೀರಿಗೂ ಹಂಚುತ್ತವೆ. ಏರಿದ್ದೆಲ್ಲ ಒಳ್ಳೆಯದೇ ಅಂತಲೂ ಅಲ್ಲ. ಕೊಳೆಯುವ ಕೆಲಸ ಆಮ್ಲಜನಕವನ್ನು ಮುಗಿಸಿರುತ್ತದೆ. ಮಳೆಗಾಲದ ಕೊನೆಗೆ ಆ ಉಸಿರಿಲ್ಲದ ನೀರು ತೀರದ ಹತ್ತಿರ ಬಂದಾಗ ತಳದ ಮೀನು, ಸಿಗಡಿ ಜಾಗ ಬಿಡುತ್ತವೆ.

ಹೈದರಾಬಾದಿನ ಇನ್‌ಕಾಯ್ಸ್ ಸಂಸ್ಥೆ ಉಪಗ್ರಹಗಳಿಂದ ನೀರಿನ ಬಿಸಿ ಮತ್ತು ಹಸಿರನ್ನು ಓದಿ, ಮೀನು ಸಿಗಬಹುದಾದ ಜಾಗಗಳನ್ನು ತಿಳಿಸುತ್ತದೆ. ಬಿಸಿನೀರು ತಣ್ಣೀರು ಕೂಡುವ ಅಂಚುಗಳ ಮೇಲೇ ಅದರ ಕಣ್ಣು. ಸುಳಿಯ ಅಂಚೂ ಅಂಥದೇ ಅಲ್ವಾ? ಆದರೆ ಬಣ್ಣ ನೋಡುವ ಉಪಗ್ರಹಕ್ಕೆ ಮೋಡದಾಚೆ ಏನೂ ಕಾಣದು. ಇಲ್ಲಿನ ಕಡಲು ಹಸಿರೇರುವುದು ಮೋಡ ಕವಿದ ತಿಂಗಳುಗಳಲ್ಲೇ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರಿಕ ಮೀನುಗಾರಿಕೆಗೂ ರಜೆ. ಕಾರವಾರದ ಬೈತಖೋಲ ಬಂದರಿನಲ್ಲಿ ಟ್ರಾಲ್ ಬೋಟುಗಳು ಸಾಲಾಗಿ ಹಗ್ಗ ಕಟ್ಟಿಸಿಕೊಂಡು ನಿಂತಿರುತ್ತವೆ.